ಮೊದಲ ಖಾನೆ ತುಂಬುವ ಮುನ್ನ

ಚಾಮರಾಜಪೇಟೆಯ ದೊಡ್ಡಮ್ಮನ ಮನೆಯಲ್ಲಿ, ನಡುಕೋಣೆಯ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್ ಇತ್ತು. ಅದರೊಳಗೆ ಒಬ್ಬ ಮನುಷ್ಯನಿದ್ದ. ಅಥವಾ ಒಬ್ಬಳಿದ್ದಳು. ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ, ಆಗ ಕೋಟೆಯ ಹತ್ತಿರದ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ. ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಕೊಂಡ ‘ಬೋನ್ ಸೆಟ್’ ಅದು. ಅಜ್ಜಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಮನೆಯಲ್ಲಿ ಶ್ರಾದ್ಧವಿದ್ದ ದಿನ ಟ್ರಂಕ್ ಎದುರುಮನೆಯ ಕಾರ್ ಶೆಡ್ಡಿಗೆ ಹೋಗಿ ಮರುದಿನ ಹಿಂದಿರುಗುತ್ತಿತ್ತು.

ಒಂದು ಸಂಜೆ ಅಣ್ಣ ಅದರಿಂದ ಸೊಂಟದ ಮೂಳೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ನಾನು ನಿರೀಕ್ಷಿಸಿದ್ದಕ್ಕಿಂತ ಹಗುರವಾಗಿತ್ತು. ಹಳೆಯ ಪಿಯಾನೋ ಕೀಲಿಯ ಹಾಗೆ ಹಳದಿ ತಿರುಗಿತ್ತು, ಕೈ ಆಡಿ ಆಡಿ ಅಂಚುಗಳು ನುಣುಪಾಗಿದ್ದವು. ಹಿಂಬದಿಯ ಅಂಚಿನಲ್ಲಿ ಕುಡುಗೋಲಿನ ಬಾಗಿನಂಥ ಒಂದು ಕಚ್ಚು. “ಅಲ್ಲಿ ಹೆಬ್ಬೆರಳಿಡು” ಅಂದ. ಇಟ್ಟೆ. “ಬೆರಳು ಅತ್ತಿತ್ತ ಆಡ್ತಾ ಇದ್ಯಾ?” ಆಡುತ್ತಿತ್ತು. “ಹಾಗಾದ್ರೆ ಹೆಂಗಸು. ಗಂಡಸಿಂದಾಗಿದ್ರೆ ಬೆರಳು ಬಿಗಿಯಾಗಿ ಕೂತ್ಕೊಳ್ತಿತ್ತು.” ಮೂಳೆಯ ಒಳಮೈಯಲ್ಲಿ ಯಾರೋ ಕಪ್ಪು ಶಾಯಿಯಿಂದ ಇಂಗ್ಲಿಷಿನ ‘ಎಫ್’ ಅಕ್ಷರ ಬರೆದಿದ್ದರು. ಯಾರು ಬರೆದದ್ದು ಎಂದು ಕೇಳಿದೆ. “ಸೀನಿಯರ್ರು. ಇಲ್ಲಾ ಅವರ ಸೀನಿಯರ್ರು.” ಅವರಿಗೆ ಹೇಗೆ ಗೊತ್ತಾಯಿತು? ಅಣ್ಣ ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿದ.

ಆ ಉತ್ತರ ನನ್ನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತು. ಆ ಮೂಳೆಗೆ ಒಂದು ಹೆಸರಿತ್ತು, ಊರಿತ್ತು, ತಾಯಿತಂದೆಯರಿದ್ದರು. ಅದು ಹೆಣ್ಣಿನದು ಎಂದು ಬರೆದವರ ಬಳಿ ಇದ್ದದ್ದು ಒಂದು ಬೆರಳು ಮಾತ್ರ.

ಗಾಂಧಿ ಬಜಾರಿನಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯವರೆಗೆ ಯಾವ ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ನೋಡಿದರೂ ಒಂದು ಬೋರ್ಡು ಇರುತ್ತದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. 1994ರ ಕಾಯ್ದೆ ತೂಗುಹಾಕಿಸಿದ ಬೋರ್ಡು ಅದು. ಹಾಗಾಗಿ ಕನ್ನಡದಲ್ಲಿ ‘ಲಿಂಗ ಪತ್ತೆ’ ಎಂದರೆ ನಮಗೆ ಮೊದಲು ನೆನಪಾಗುವುದು ಹುಟ್ಟದ ಮಗು. ಈ ಲೇಖನ ಸತ್ತವರ ಲಿಂಗ ಪತ್ತೆಯ ಬಗ್ಗೆ. ಗುರುತು ಸಿಗದ ಮೂಳೆ ಸಿಕ್ಕಾಗ ಅದು ಗಂಡಿನದೋ ಹೆಣ್ಣಿನದೋ ಎಂದು ಹೇಳುವ ವಿದ್ಯೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದರ ಬಗ್ಗೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಗೊತ್ತಿದ್ದರೂ ಹೇಳುವಂತಿಲ್ಲ. ಶವಾಗಾರದಲ್ಲಿ ಗೊತ್ತಿಲ್ಲದಿದ್ದರೂ ಹೇಳಿ ಎಂಬ ಒತ್ತಡ.

ಆ ಒತ್ತಡ ಎಂಥದೆಂದು ಇಡೀ ಕರ್ನಾಟಕ 2025ರಲ್ಲಿ ನೋಡಿತು. ಜುಲೈ 31ರಂದು ಧರ್ಮಸ್ಥಳದ ನೇತ್ರಾವತಿ ದಡದ ಕಾಡಿನಲ್ಲಿ, ಹೆಣ ಹೂತ ದೂರಿನ ಮೇಲೆ ವಿಶೇಷ ತನಿಖಾ ತಂಡ ಅಗೆಸುತ್ತಿದ್ದ ಆರನೇ ಜಾಗದಲ್ಲಿ ಒಂದಷ್ಟು ಮೂಳೆ ಸಿಕ್ಕವು. ಪೂರ್ತಿ ಅಸ್ಥಿಪಂಜರವೂ ಅಲ್ಲ, ತುಂಡುಗಳು. ಅವು ಪ್ರಯೋಗಾಲಯದ ಮೇಜು ತಲುಪುವ ಮೊದಲೇ ಗಂಡಸಿನದಂತೆ ಎಂಬ ಮಾತು ಟಿವಿಯಲ್ಲಿ ಓಡಾಡತೊಡಗಿತು. ಆ ಪ್ರಕರಣದ ಸತ್ಯಾಸತ್ಯ ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟ ವಿಷಯ. ನನ್ನ ಗಮನ ಸೆಳೆದದ್ದು ಎಲ್ಲರ ಬಾಯಲ್ಲೂ ಬಂದ ಮೊದಲ ಪ್ರಶ್ನೆ. ಎಷ್ಟು ವರ್ಷ ಹಳೆಯದು, ಹೇಗೆ ಸತ್ತದ್ದು ಎಂದು ಕೇಳುವ ಮೊದಲೇ ಗಂಡೋ ಹೆಣ್ಣೋ ಎಂದು ಕೇಳಿದರು. ಅದೇ ವರ್ಷದ ಜೂನ್‌ನಲ್ಲಿ ಬೆಂಗಳೂರಿನ ಬೇಗೂರಿನ ಅಪಾರ್ಟ್‌ಮೆಂಟ್ ಒಂದರ ಇಂಗುಗುಂಡಿ ಶುಚಿಮಾಡುವಾಗ ಮೂಳೆಗಳು ಸಿಕ್ಕಾಗಲೂ ಹೀಗೇ ಆಯಿತು. ಅಲ್ಲಿ ಹಿಂದೆ ಸ್ಮಶಾನವಿತ್ತು ಎಂದು ಸುತ್ತಲಿನವರು ಹೇಳಿದರು. ಅದು ನಿಜವಾದರೂ ಪೊಲೀಸರ ಕಾಗದದಲ್ಲಿ ‘ಲಿಂಗ’ ಎಂಬ ಖಾನೆಯನ್ನು ಖಾಲಿ ಬಿಡಲು ಯಾರ ಕೈಯೂ ಏಳುವುದಿಲ್ಲ.

ಈ ಖಾನೆ ಏಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಕಾರಣ ಸರಳ. ಅಪರಿಚಿತ ಮೂಳೆಯನ್ನು ಕಾಣೆಯಾದವರ ಪಟ್ಟಿಗೆ ಹೋಲಿಸಲು ಕೂತಾಗ ಮೊದಲ ಜರಡಿಯೇ ಇದು. ‘ಹೆಣ್ಣು’ ಎಂದು ಬರೆದ ಕ್ಷಣವೇ ಪಟ್ಟಿಯ ಅರ್ಧ ಜನ ಉದುರಿಹೋಗುತ್ತಾರೆ. ತನಿಖಾಧಿಕಾರಿಗೆ ಅದು ದೊಡ್ಡ ಸಹಾಯ. ಆದರೆ ಬರೆದದ್ದು ತಪ್ಪಾಗಿದ್ದರೆ, ನಿಜವಾಗಿ ಹುಡುಕಬೇಕಾದ ವ್ಯಕ್ತಿಯೂ ಅದೇ ಜರಡಿಯಲ್ಲಿ ಉದುರಿಹೋಗಿರುತ್ತಾನೆ. ವಯಸ್ಸು ಐದು ವರ್ಷ ಹೆಚ್ಚುಕಡಿಮೆ ಆದರೆ, ಎತ್ತರ ಎರಡು ಅಂಗುಲ ತಪ್ಪಿದರೆ ಹುಡುಕಾಟ ಹತ್ತಿರದಲ್ಲೇ ಸುತ್ತುತ್ತದೆ. ಲಿಂಗ ತಪ್ಪಿದರೆ ಮತ್ತೊಂದು ಊರಿಗೇ ಹೋಗಿಬಿಡುತ್ತದೆ.

ಇದು ಆಗಿಯೇ ಇರುವ ಸಂಗತಿ. 1935ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಾಟ್ ಬಳಿಯ ಹಳ್ಳದಲ್ಲಿ ಕಾಗದ, ಬಟ್ಟೆಗಳಲ್ಲಿ ಸುತ್ತಿದ ದೇಹದ ತುಂಡುಗಳು ಸಿಕ್ಕವು. ಗುರುತು ಹಿಡಿಯಬಹುದಾದದ್ದನ್ನೆಲ್ಲ, ಮುಖದ ಚರ್ಮ, ಬೆರಳತುದಿ, ಹಲ್ಲು, ಕೊಂದವನು ಲೆಕ್ಕಹಾಕಿ ತೆಗೆದಿದ್ದ. ಎರಡು ದೇಹ ಎಂಬುದು ತಿಳಿಯಿತು. ಮೊದಲ ನೋಟಕ್ಕೆ ಒಂದು ಹೆಣ್ಣಿನದು, ಇನ್ನೊಂದು ಗಂಡಸಿನದು ಎನಿಸಿ ಪತ್ರಿಕೆಗಳಲ್ಲೂ ಹಾಗೇ ಬಂತು. ಕೊಂದವನು ಲ್ಯಾಂಕಾಸ್ಟರಿನಲ್ಲಿ ವೈದ್ಯನಾಗಿದ್ದ, ಮುಂಬಯಿ ಮೂಲದ ಬಕ್ ರಕ್ಸ್‌ಟನ್. ಕೊಲೆಯಾಗಿದ್ದವರು ಅವನ ಸಂಗಾತಿ ಇಸಾಬೆಲ್ಲಾ ಮತ್ತು ಮನೆಗೆಲಸದ ಹುಡುಗಿ ಮೇರಿ ರೋಜರ್ಸನ್, ಇಬ್ಬರೂ ಹೆಂಗಸರು. ಆ ಸುದ್ದಿಯನ್ನು ಓದಿದ ರಕ್ಸ್‌ಟನ್, ಸಿಕ್ಕದ್ದರಲ್ಲಿ ಒಂದು ಗಂಡಸಿನದಾದ್ದರಿಂದ ಅವು ನಮ್ಮ ಮನೆಯವರದಲ್ಲ ಎಂದು ಸುತ್ತಲಿನವರ ಮುಂದೆ ಸಮಾಧಾನ ತೋರಿಸಿದ. ಜಾನ್ ಗ್ಲೇಸ್ಟರ್ ಮತ್ತು ಜೇಮ್ಸ್ ಬ್ರಾಶ್ ಅವರ ತಂಡ ತುಂಡು ತುಂಡನ್ನೂ ಜೋಡಿಸಿ ಆ ಮೊದಲ ಮಾತನ್ನು ತಿದ್ದಿತು, ತಲೆಬುರುಡೆಯ ಚಿತ್ರವನ್ನು ಇಸಾಬೆಲ್ಲಾಳ ಫೋಟೋದ ಮೇಲಿಟ್ಟು ಹೊಂದಿಸಿತು. 1936ರ ಮೇ 12ರಂದು ರಕ್ಸ್‌ಟನ್‌ಗೆ ಗಲ್ಲಾಯಿತು. ತಿದ್ದುವವರು ಇದ್ದರು, ಅದಕ್ಕೇ ಆಯಿತು. ಇಲ್ಲದಿದ್ದರೆ ಅವನು ಹಿಡಿದುಕೊಂಡಿದ್ದ ಆ ಒಂದು ತಪ್ಪು ಪದವೇ ಅವನನ್ನು ಎಷ್ಟು ದಿನ ಕಾಯುತ್ತಿತ್ತೋ.

ಫೋಟೋ ಮೇಲೆ ಬುರುಡೆಯನ್ನು ಹೊಂದಿಸುವ ಅದೇ ವಿಧಾನವನ್ನು ಬೆಂಗಳೂರು ಹತ್ತಿರದಿಂದ ಕಂಡಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರಲ್ಲಿ ಕಾಣೆಯಾದರು. ಮೂರು ವರ್ಷದ ನಂತರ, 1994ರ ಮಾರ್ಚ್ ಕೊನೆಯಲ್ಲಿ, ರಿಚ್ಮಂಡ್ ರಸ್ತೆಯ ಅವರದೇ ಮನೆಯ ಅಂಗಳದಲ್ಲಿ ನೆಲದಡಿಯ ಮರದ ಪೆಟ್ಟಿಗೆಯಿಂದ ಅಸ್ಥಿಪಂಜರ ಹೊರಬಂತು. ಬುರುಡೆ-ಫೋಟೋ ಹೊಂದಾಣಿಕೆಯೂ ಡಿಎನ್‌ಎ ಪರೀಕ್ಷೆಯೂ ಅದು ಅವರದೇ ಎಂದು ಹೇಳಿದವು. ಅವರನ್ನು ಕೊಂದ ಎರಡನೆಯ ಗಂಡ ಸ್ವಾಮಿ ಶ್ರದ್ಧಾನಂದನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2008ರ ತೀರ್ಪು ಅವನು ಬದುಕಿರುವವರೆಗೂ ಜೈಲಿನಲ್ಲೇ ಇರಬೇಕೆಂದಿತು. ಶಿಕ್ಷೆಯ ಆ ಹೊಸ ಬಗೆಗಾಗಿ ವಕೀಲರು ಅದನ್ನು ಇಂದಿಗೂ ನೆನೆಯುತ್ತಾರೆ. ಮೂಳೆಯ ಕಡೆಯಿಂದ ನೋಡಿದರೆ ಅಲ್ಲಿ ಇದ್ದ ಅನುಕೂಲ ಬೇರೆ. ಯಾರ ಮೂಳೆ ಎಂಬ ಬಲವಾದ ಊಹೆ ಮೊದಲೇ ಕೈಯಲ್ಲಿತ್ತು. ಅದನ್ನು ಸರಿಯೋ ತಪ್ಪೋ ಎಂದು ನೋಡಿದರೆ ಸಾಕಿತ್ತು.

ಚಿತ್ರದುರ್ಗದ ಮನೆಯೂ ಹಾಗೇ. 2023ರ ಡಿಸೆಂಬರ್ ಕೊನೆಗೆ, ವರ್ಷಗಳಿಂದ ಬಾಗಿಲು ತೆರೆಯದಿದ್ದ ನಿವೃತ್ತ ಸರ್ಕಾರಿ ಎಂಜಿನಿಯರ್ ಒಬ್ಬರ ಮನೆಯಲ್ಲಿ ಐದು ಅಸ್ಥಿಪಂಜರ ಸಿಕ್ಕವು. ಆ ಮನೆಯಲ್ಲಿದ್ದವರು ಮುದಿ ಗಂಡಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಐದು ಮೂಳೆಗೂಡು, ಐದು ಹೆಸರು. ಇಂಥಲ್ಲಿ ಲಿಂಗ ಮತ್ತು ವಯಸ್ಸು ತಿಳಿದರೆ ಯಾವುದು ಯಾರದು ಎಂದು ವಿಂಗಡಿಸುವುದು ಬಹುಪಾಲು ಮುಗಿದಂತೆ. ಕಷ್ಟವಿರುವುದು ಬಯಲಿನ ಮೂಳೆಗೆ. ಕೆರೆ ಅಂಗಳ, ರೈಲುಹಳಿಯ ಪಕ್ಕದ ಪೊದೆ, ಹೊಸ ಬಡಾವಣೆಗೆ ಜೆಸಿಬಿ ಅಗೆದ ಮಣ್ಣು. ಅಲ್ಲಿ ಹೆಸರಿನ ಪಟ್ಟಿಯೇ ಇಲ್ಲ. ಪಟ್ಟಿ ಮಾಡಬೇಕಾದದ್ದೇ ಮೂಳೆ.

ಮೂಳೆ ಏನು ಹೇಳುತ್ತದೆ? ಎಲ್ಲಕ್ಕಿಂತ ಚೆನ್ನಾಗಿ ಮಾತಾಡುವುದು ಸೊಂಟ. ಮಗುವಿನ ತಲೆ ಹಾಯುವ ದಾರಿ ಅಲ್ಲಿರುವುದರಿಂದ ಹೆಣ್ಣಿನ ಸೊಂಟದ ಒಳದಾರಿ ಅಗಲ. ಮುಂದಿನ ಕಡೆ ಎರಡು ಮೂಳೆ ಸೇರುವಲ್ಲಿ ಕೆಳಗೆ ಉಂಟಾಗುವ ಕೋನವನ್ನು ಅಣ್ಣ ಕೈಬೆರಳಿನಲ್ಲೇ ಕಲಿಸಿದ್ದ. ತೋರುಬೆರಳು, ನಡುಬೆರಳು ಅಗಲಿಸಿದರೆ ಬರುವ ಸಂದು ಗಂಡಿನದು. ಹೆಬ್ಬೆರಳು, ತೋರುಬೆರಳು ಚಾಚಿದರೆ ಬರುವ ಸಂದು ಹೆಣ್ಣಿನದು. ಓದುತ್ತಿರುವವರು ಈಗಲೇ ತಮ್ಮ ಕೈ ನೋಡಿಕೊಳ್ಳಬಹುದು. ವ್ಯತ್ಯಾಸ ಅಷ್ಟು ಸ್ಪಷ್ಟ. 1969ರಲ್ಲಿ ಅಮೆರಿಕದ ಟಿ. ಡಬ್ಲ್ಯು. ಫಿನೀಸ್ ಎಂಬಾತ ಇದೇ ಮುಂಭಾಗದಲ್ಲಿ ಮೂರು ಸಣ್ಣ ಗುರುತುಗಳನ್ನು ಗೊತ್ತುಮಾಡಿದ: ಹೊರಮೈಯಲ್ಲಿ ಓಡುವ ಒಂದು ಬಾಗಿದ ಏಣು, ಕೆಳ ಅಂಚಿನ ಒಳತಗ್ಗು, ಒಳ ಅಂಚಿನ ಚೂಪು. ಮೊದಲಿನ ಎರಡು ಇದ್ದು ಮೂರನೆಯದೂ ಚೂಪಾಗಿದ್ದರೆ ಹೆಣ್ಣು. ನೂರರಲ್ಲಿ ಸುಮಾರು 96 ಸಲ ಸರಿ ಬರುತ್ತದೆ ಎಂದ. ಐವತ್ತು ವರ್ಷಗಳ ಮೇಲೆಯೂ ಈ ಮೂರು ಗುರುತುಗಳೇ ಕೆಲಸದ ಬೆನ್ನೆಲುಬು. ದುರದೃಷ್ಟವೆಂದರೆ ಸೊಂಟದ ಈ ಮುಂಭಾಗವೇ ತೆಳು. ಮಣ್ಣು, ನಾಯಿ, ನೀರು ಮೊದಲು ತಿನ್ನುವುದೂ ಅದನ್ನೇ. ನನ್ನ ಹೆಬ್ಬೆರಳು ಆಡಿದ ಹಿಂದಿನ ಕಚ್ಚು ಗಟ್ಟಿ ಭಾಗ, ಉಳಿದುಕೊಳ್ಳುತ್ತದೆ. ಆದರೆ ಅದರ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ. ಅಗಲ ಕಚ್ಚಿದ್ದರೆ ಹೆಣ್ಣೆನ್ನಲು ಧೈರ್ಯ ಬರುತ್ತದೆ. ಇಕ್ಕಟ್ಟು ಕಚ್ಚು ಇಬ್ಬರಲ್ಲೂ ಇರುತ್ತದೆ.

ಸೊಂಟದ ವಿಷಯದಲ್ಲಿ ಒಂದು ಹಳೆಯ ನಂಬಿಕೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಮೂಳೆಯ ಮೇಲಿನ ಕುಳಿಗಳನ್ನು ನೋಡಿ ಈಕೆ ಹೆತ್ತವಳು, ಇಷ್ಟು ಹೆತ್ತವಳು ಎಂದು ಹೇಳಬಹುದೆಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಹೆರಿಗೆಯ ದಾಖಲೆ ಇದ್ದ ಮೂಳೆಗಳೊಂದಿಗೆ ಹೋಲಿಸಿದಾಗ ಅದು ನಿಲ್ಲಲಿಲ್ಲ. ಹೆರದ ಹೆಂಗಸರಲ್ಲೂ ಕುಳಿ ಇರುತ್ತದೆ, ಕೆಲವೊಮ್ಮೆ ಗಂಡಸರಲ್ಲೂ ಇರುತ್ತದೆ. ಕಾಣೆಯಾದ ಮದುವೆಯಾಗದ ಹುಡುಗಿಯ ಮೂಳೆಯ ಮೇಲೆ ಇಂಥ ಮಾತು ಆಡಿದರೆ ಅವಳ ಮನೆಯವರಿಗೆ ಏನಾಗುತ್ತದೆ ಎಂದು ಯೋಚಿಸಿದರೆ ನನಗೆ ಮೈ ನಡುಗುತ್ತದೆ.

ತಲೆಬುರುಡೆ ಎರಡನೆಯ ಸಾಕ್ಷಿ. ಹುಬ್ಬಿನ ನಡುವಿನ ದಿಬ್ಬ, ಕಣ್ಣಿನ ಗೂಡಿನ ಮೇಲಂಚು, ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬುಮೂಳೆ, ಹಿಂದಲೆಯ ಏಣು, ಗದ್ದ. ಈ ಐದನ್ನೂ ಒಂದರಿಂದ ಐದರವರೆಗೆ ಅಂಕ ಹಾಕಿ ನೋಡುವ ವಿಧಾನವನ್ನು ಫಿಲಿಪ್ ವಾಕರ್ 2008ರಲ್ಲಿ ಲೆಕ್ಕದ ಚೌಕಟ್ಟಿಗೆ ತಂದರು. ಒಂದೆಂದರೆ ನಯ, ಐದೆಂದರೆ ಒರಟು. ಸಮಸ್ಯೆ ಇರುವುದು ನಡುವಿನ ಮೂರರಲ್ಲಿ. ಇಪ್ಪತ್ತರ ಹುಡುಗನ ಬುರುಡೆ ಹೆಣ್ಣಿನಷ್ಟು ನಯವಾಗಿರಬಹುದು. ಅರವತ್ತು ದಾಟಿದ ಹೆಂಗಸಿನ ಹುಬ್ಬು ಗಂಡಸಿನಂತೆ ಉಬ್ಬಬಹುದು. ಅನುಮಾನ ಬಂದಾಗ ಪರಿಣತರ ಕೈ ಯಾವ ಕಡೆ ವಾಲುತ್ತದೆ ಎಂಬುದಕ್ಕೂ ಉತ್ತರವಿದೆ. 1972ರಲ್ಲಿ ಕೆನೆತ್ ವೈಸ್ ಹಳೆಯ ಸಮಾಧಿಗಳ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಂಡಸರ ಲೆಕ್ಕ ಇರಬೇಕಾದ್ದಕ್ಕಿಂತ ಸುಮಾರು ಶೇ. 12ರಷ್ಟು ಹೆಚ್ಚಿತ್ತು. ದಪ್ಪ, ಗಟ್ಟಿ ಎಂದು ಕಂಡದ್ದನ್ನೆಲ್ಲ ಗಂಡಸಿನ ಪಾಲಿಗೆ ಹಾಕುತ್ತಾ ಬಂದಿದ್ದರು. ತಲೆಹೊರೆ ಹೊತ್ತು, ಕಲ್ಲು ಒಡೆದು, ಕಳೆ ಕಿತ್ತು ಬದುಕಿದ ಹೆಣ್ಣಿನ ಮೂಳೆ ದಪ್ಪವೂ ಗಟ್ಟಿಯೂ ಆಗಿರುತ್ತದೆ ಎಂಬುದು ನಮ್ಮ ಕಡೆಯ ಯಾರಿಗೂ ಹೊಸ ಸಂಗತಿಯಲ್ಲ.

ಸೊಂಟ, ಬುರುಡೆ ಎರಡೂ ಸಿಗದಿದ್ದರೆ ಅಳತೆಪಟ್ಟಿ ಹಿಡಿಯಬೇಕು. ತೊಡೆಮೂಳೆಯ ತುದಿಯ ಗುಂಡು, ಎದೆಮೂಳೆಯ ಉದ್ದ, ಬುರುಡೆಯ ತಳದ ರಂಧ್ರ, ಏನೆಲ್ಲವನ್ನೂ ಅಳೆದಿದ್ದಾರೆ. ಬೆಂಗಳೂರಿನಲ್ಲಿ, ಮಂಗಳೂರು-ಮಣಿಪಾಲದಲ್ಲಿ, ಹುಬ್ಬಳ್ಳಿ-ಬೆಳಗಾವಿಯಲ್ಲಿ ಫೊರೆನ್ಸಿಕ್ ಮೆಡಿಸಿನ್, ಅನಾಟಮಿಯಲ್ಲಿ ಎಂ.ಡಿ. ಮಾಡುವವರಿಗೆ ಇದು ಮುಗಿಯದ ಗಣಿ. ಈ ಅಳತೆಗಳಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ. ಟಿ. ಡಿ. ಸ್ಟೀವರ್ಟ್ 1979ರಲ್ಲಿ ಅಮೆರಿಕದ ಮೂಳೆಗಳಿಂದ ಕೊಟ್ಟ ಸೂತ್ರ ಇದು: ತೊಡೆಮೂಳೆಯ ಗುಂಡಿನ ವ್ಯಾಸ 47.5 ಮಿ.ಮೀ. ಮೀರಿದರೆ ಗಂಡು, 42.5ಕ್ಕಿಂತ ಕಡಿಮೆ ಇದ್ದರೆ ಹೆಣ್ಣು. 43.5ರಿಂದ 46.5ರ ನಡುವೆ ಬಂದರೆ ಹೇಳಲಾಗದು. ನಡುವೆ ಮೂರು ಮಿಲಿಮೀಟರ್ ಜಾಗವನ್ನು ‘ಹೇಳಲಾಗದು’ ಎಂಬ ಮಾತಿಗೇ ಬಿಟ್ಟುಕೊಟ್ಟ ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಆದರೆ ಆ ಸೂತ್ರವನ್ನು ಹಾಗೇ ತಂದು ಐದಡಿ ಮೂರಂಗುಲದ ಒಬ್ಬ ಕೂಲಿಕಾರನ ಮೂಳೆಗೆ ಹಚ್ಚಿದರೆ ಅವನು ಸುಲಭವಾಗಿ ಹೆಣ್ಣಾಗಿಬಿಡುತ್ತಾನೆ. ಮೂಳೆಯ ಗಾತ್ರಕ್ಕೆ ಲಿಂಗದಷ್ಟೇ ಊರು, ಊಟ, ಮನೆತನ ಎಲ್ಲ ಸೇರುತ್ತವೆ. ಭಾರತದ ಮೂಳೆಗೆ ಭಾರತದ ಅಳತೆಯೇ ಬೇಕೆಂದು ಚಂಡೀಗಢದ ಇಂದರ್ ಜಿತ್ ಎದೆಮೂಳೆಯ ಮೇಲೆ, ಮಧ್ಯಪ್ರದೇಶದ ಸಾಗರ್ ವಿಶ್ವವಿದ್ಯಾಲಯದ ರೂಮಾ ಪುರ್ಕೈತ್ ತೊಡೆಮೂಳೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಅದಕ್ಕೇ. ಉತ್ತರದ ಆ ಅಂಕಿಗಳೂ ಚಾಮರಾಜನಗರದ ಸೋಲಿಗರಿಗೆ, ಕೊಡಗಿನವರಿಗೆ, ರಾಯಚೂರಿನವರಿಗೆ ಒಂದೇ ಸಮ ಹೊಂದುತ್ತವೆ ಎನ್ನುವಂತಿಲ್ಲ.

ನಮ್ಮಲ್ಲಿ ಇಂಥ ಅಳತೆ ಮಾಡುವಾಗ ಎದುರಾಗುವ ತೊಡಕನ್ನು ಆ ಟ್ರಂಕೇ ಹೇಳುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ ಹಾಮನ್-ಟಾಡ್ ಸಂಗ್ರಹದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳಿವೆ. ವಾಷಿಂಗ್ಟನ್ನಿನ ಟೆರಿ ಸಂಗ್ರಹದಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು. ಅಲ್ಲಿನ ಮೂಳೆಗಳಿಗೆ ಲಿಂಗ, ವಯಸ್ಸಿನ ದಾಖಲೆ ಇದೆ. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ತಲೆಮಾರುಗಳಿಂದ ಕೈಬದಲಾಗುತ್ತಿರುವ ಮೂಳೆಗಳಲ್ಲಿ ಹೆಚ್ಚಿನವು ಕೋಲ್ಕತ್ತಾದ ವ್ಯಾಪಾರಿಗಳ ಮೂಲಕ ಬಂದವು. ಇಡೀ ಜಗತ್ತಿಗೆ ಅಸ್ಥಿಪಂಜರ ಕಳಿಸುತ್ತಿದ್ದ ವ್ಯಾಪಾರ ಅದು. 1985ರಲ್ಲಿ ಭಾರತ ಸರ್ಕಾರ ರಫ್ತನ್ನು ನಿಷೇಧಿಸಿತು. ಆ ಮೂಳೆಗಳ ಜೊತೆ ಹೆಸರು ಬರಲಿಲ್ಲ, ಊರು ಬರಲಿಲ್ಲ, ಗಂಡೋ ಹೆಣ್ಣೋ ಎಂಬ ಕಾಗದವೂ ಬರಲಿಲ್ಲ. ಹಾಗಿದ್ದ ಮೇಲೆ ಅನಾಟಮಿ ವಿಭಾಗದ ಕಪಾಟಿನ ಬುರುಡೆಗಳನ್ನು ಅಳೆದು, ಗಂಡಸರಲ್ಲಿ ಸರಾಸರಿ ಇಷ್ಟು, ಹೆಂಗಸರಲ್ಲಿ ಅಷ್ಟು ಎಂದು ಬರೆಯುವಾಗ ಇದು ಗಂಡಸಿನ ಬುರುಡೆ ಎಂದು ಹೇಳಿದವರು ಯಾರು? ಹುಬ್ಬು, ಗದ್ದ ನೋಡಿ ವಿಂಗಡಿಸಿದವರು. ಹುಬ್ಬು ನೋಡಿ ವಿಂಗಡಿಸಿದ ಬುರುಡೆಗಳಲ್ಲಿ ಹುಬ್ಬಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಕಾಣದೆ ಏನು! ಶಾಯಿಯ ‘ಎಫ್’ ಅಕ್ಷರಕ್ಕೆ ಹೆಬ್ಬೆರಳು ಸಾಕ್ಷಿ, ಹೆಬ್ಬೆರಳಿಗೆ ‘ಎಫ್’ ಸಾಕ್ಷಿ. ಇದನ್ನು ಎಲ್ಲರೂ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮರಣೋತ್ತರ ಪರೀಕ್ಷೆಗೆ ಬಂದ, ಗುರುತು ಗೊತ್ತಿರುವ ದೇಹಗಳಲ್ಲೇ ಅಳೆಯುವವರಿದ್ದಾರೆ. ಆದರೆ ಅಧ್ಯಯನವನ್ನು ಓದುವಾಗ ಮೊದಲು ನೋಡಬೇಕಾದದ್ದು ಅದರ ಶೇಕಡಾವಾರು ಫಲಿತಾಂಶವನ್ನಲ್ಲ, ಲಿಂಗವನ್ನು ಮೊದಲು ಯಾರು, ಹೇಗೆ ಗೊತ್ತುಮಾಡಿದರು ಎಂಬ ಒಂದು ಸಾಲನ್ನು.

ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚೊತ್ತಿದಂತೆ ಬರುವ ಅಂಕಿಗಳನ್ನೂ ಹಾಗೇ ನೋಡಬೇಕು. ಪೂರ್ತಿ ಅಸ್ಥಿಪಂಜರವಿದ್ದರೆ ಶೇ. 100, ಸೊಂಟವಿದ್ದರೆ 95, ಬುರುಡೆಗೆ 90ರ ಆಸುಪಾಸು, ಸೊಂಟ-ಬುರುಡೆ ಎರಡೂ ಇದ್ದರೆ 98, ಉದ್ದ ಮೂಳೆಗಳಿಗೆ 80. ಎಂಬಿಬಿಎಸ್ ವಿದ್ಯಾರ್ಥಿಗೆ ಇದು ಮಗ್ಗಿ. ಕೋರ್ಟಿನ ಕಟಕಟೆಯಲ್ಲೂ ಇದೇ ಬರುತ್ತದೆ. ಇದರ ಮೂಲ ವಿಲ್ಟನ್ ಕ್ರೊಗ್‌ಮನ್, 1962ರ ಅವರ ಪ್ರಸಿದ್ಧ ಗ್ರಂಥ. ಅವರು ನೋಡಿದ್ದು ಹಾಮನ್-ಟಾಡ್ ಸಂಗ್ರಹದ 750 ವಯಸ್ಕರ ಅಸ್ಥಿಪಂಜರಗಳನ್ನು. ಆ ಸಂಗ್ರಹದಲ್ಲಿ ಗಂಡಸರೇ ಬಹುಪಾಲು. ಗಂಡಸರೇ ತುಂಬಿರುವ ಕಪಾಟಿನ ಮುಂದೆ ಕೂತವನು ಗಂಡು ಎಂದರೆ ಸರಿಯಾಗುವ ಸಂಭವ ತಾನಾಗಿಯೇ ಹೆಚ್ಚು. ಅಂಥ ಕಪಾಟಿನ ಶೇ. 95ನ್ನು ಕೆರೆ ಅಂಗಳದಲ್ಲಿ ಸಿಕ್ಕ ಅರ್ಧ ಸೊಂಟಕ್ಕೆ ಹಚ್ಚುವುದು ನ್ಯಾಯವಲ್ಲ. ಈಚಿನ ದಾರಿ ಬೇರೆ. 2005ರಲ್ಲಿ ಪಾಸ್ಕಲ್ ಮ್ಯುರೈ, ಯಾರೊಸ್ಲಾವ್ ಬ್ರೂಜೆಕ್ ಮತ್ತು ಸಂಗಡಿಗರು ಕೊಟ್ಟ ವಿಧಾನದಲ್ಲಿ ಸೊಂಟದ ಮೂಳೆಯ ಹತ್ತು ಅಳತೆಗಳಿವೆ. ಈ ಮೂಳೆ ಹೆಣ್ಣಿನದಾಗಿರುವ ಸಂಭವ 0.95 ದಾಟಿದರಷ್ಟೇ ಹೆಣ್ಣು ಎನ್ನಬೇಕು, ದಾಟದಿದ್ದರೆ ಸುಮ್ಮನಿರಬೇಕು. ಸುಮ್ಮನಿರುವುದಕ್ಕೂ ಅಲ್ಲಿ ಒಂದು ನಿಯಮವಿದೆ.

ಮಕ್ಕಳ ಮೂಳೆಯ ವಿಷಯದಲ್ಲಿ ಹೇಳುವುದು ಬಹಳವಿಲ್ಲ. ಹರೆಯದ ಬದಲಾವಣೆಗಳು ಮೂಳೆಯ ಮೇಲೆ ಮೂಡುವ ಮೊದಲು ನೋಡಿ ಹೇಳುವುದು ನಂಬಲು ಬಾರದ್ದು. ಡಿಎನ್‌ಎಗೆ ಹೋಗಬೇಕು, ಅಷ್ಟೆ.

ಹಾಗಾದರೆ ಎಲ್ಲಕ್ಕೂ ಡಿಎನ್‌ಎ ಇರುವಾಗ ಈ ಹೆಬ್ಬೆರಳು, ಅಳತೆಪಟ್ಟಿ ಯಾಕೆ ಎಂದು ಯಾರಾದರೂ ಕೇಳಬಹುದು. ಮೂಳೆಯಿಂದ ಡಿಎನ್‌ಎ ತೆಗೆಯುವುದು ನಿಧಾನದ ಕೆಲಸ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಇಡೀ ರಾಜ್ಯದಿಂದ ಪ್ರಕರಣಗಳು ಬರುತ್ತವೆ, ಪೊಲೀಸರಿಗೆ ಹುಡುಕಾಟದ ದಿಕ್ಕು ಬೇಕಾಗುವುದು ಮೊದಲ ವಾರದಲ್ಲೇ. ಅದಕ್ಕಿಂತ ದೊಡ್ಡ ಕಾರಣ ಡಿಎನ್‌ಎಯೂ ಈ ಪ್ರಶ್ನೆಯಲ್ಲಿ ಎಡವಬಲ್ಲದು ಎಂಬುದು. ಲಿಂಗ ನೋಡಲು ಸಾಮಾನ್ಯವಾಗಿ ಹಿಡಿಯುವುದು ಅಮೆಲೊಜೆನಿನ್ ಎಂಬ, ಹಲ್ಲಿನ ಎನಾಮೆಲ್ ಕಟ್ಟುವ ಜೀನ್ ಅನ್ನು. ಎಕ್ಸ್ ಕ್ರೋಮೋಸೋಮಿನಲ್ಲಿ ಅದರ ಒಂದು ತುಣುಕು ವೈನಲ್ಲಿರುವುದಕ್ಕಿಂತ ಆರು ಅಕ್ಷರ ಗಿಡ್ಡ. ಎರಡು ಉದ್ದ ಕಂಡರೆ ಗಂಡು, ಒಂದೇ ಕಂಡರೆ ಹೆಣ್ಣು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್, ಅಲ್ಲಾ ಜಿ. ರೆಡ್ಡಿ ಮತ್ತು ಲಾಲ್‌ಜಿ ಸಿಂಗ್ 270 ಭಾರತೀಯ ಗಂಡಸರನ್ನು ಈ ಪರೀಕ್ಷೆಗೆ ಒಡ್ಡಿದರು. ಐವರಲ್ಲಿ ವೈ ಕ್ರೋಮೋಸೋಮಿನ ಆ ಭಾಗವೇ ಅಳಿಸಿಹೋಗಿತ್ತು. ಪರೀಕ್ಷೆ ಆ ಐವರನ್ನೂ ಹೆಣ್ಣು ಎಂದಿತು. ಶೇ. 1.85. ದಕ್ಷಿಣ ಏಷ್ಯಾದಲ್ಲಿ ಈ ಅಳಿಕೆ ಬೇರೆಡೆಗಿಂತ ಹೆಚ್ಚು ಕಾಣುತ್ತದೆ. ಆದ್ದರಿಂದ ವೈ ಕ್ರೋಮೋಸೋಮಿನ ಬೇರೆ ಗುರುತುಗಳನ್ನೂ ಜೊತೆಗೆ ನೋಡಬೇಕು. ಇಲ್ಲಿ ಮೂಳೆ ಕೆಲಸಕ್ಕೆ ಬರುತ್ತದೆ. ಡಿಎನ್‌ಎ ‘ಹೆಣ್ಣು’ ಎಂದು, ಸೊಂಟ ‘ಗಂಡು’ ಎಂದರೆ ಎರಡರಲ್ಲಿ ಒಂದು ತಪ್ಪು, ಮತ್ತೆ ನೋಡಿ ಎಂದು ಅದು ಎಚ್ಚರಿಸುತ್ತದೆ. 2017ರಿಂದೀಚೆಗೆ ಎನಾಮೆಲಿನಲ್ಲಿ ಉಳಿದ ಪ್ರೋಟೀನಿನ ತುಣುಕುಗಳಿಂದಲೇ ಲಿಂಗ ಹೇಳುವ ವಿಧಾನ ಬಂದಿದೆ. ಡಿಎನ್‌ಎ ಸತ್ತರೂ ಎನಾಮೆಲ್ ಬಾಳುವುದರಿಂದ, ಮಕ್ಕಳ ಹಲ್ಲಿಗೂ ಅನ್ವಯಿಸುವುದರಿಂದ, ನಮ್ಮ ಪ್ರಯೋಗಾಲಯಗಳಿಗೆ ಅದು ಬೇಗ ಬರಬೇಕೆಂಬುದು ನನ್ನ ಆಸೆ.

ಬೆಂಕಿಯ ಮಾತು ಬಾರದಿದ್ದರೆ ಈ ಸಮೀಕ್ಷೆ ಪೂರ್ತಿಯಾಗದು. ದೊಡ್ಡಮ್ಮ ತೀರಿಕೊಂಡಾಗ ಚಾಮರಾಜಪೇಟೆಯ ಟಿ.ಆರ್. ಮಿಲ್ ಚಿತಾಗಾರದಲ್ಲಿ ಮೂರನೆಯ ದಿನ ನಾನೂ ಅಣ್ಣನೂ ಅಸ್ಥಿಗೆ ಹೋದೆವು. ನೀರು, ಹಾಲು ಚಿಮುಕಿಸಿ ಕಾಲಿನ ಕಡೆಯಿಂದ ತಲೆಯ ಕಡೆಗೆ ಒಂದೊಂದೇ ಚೂರು ಆರಿಸಿ ಮಡಕೆಗೆ ಹಾಕುವುದು. ಬೆಳ್ಳಗೆ ಸುಣ್ಣದಂಥ ಚೂರುಗಳು, ಮೇಲೆಲ್ಲ ಅಡ್ಡಬಿರುಕು, ಬೆರಳು ಸ್ವಲ್ಪ ಒತ್ತಿದರೆ ಪುಡಿ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಗಂಡಸಿನ ಅಸ್ಥಿಗೆ ಒಂದು ಬಗೆಯ ಕುಂಭ, ಹೆಂಗಸಿನ ಅಸ್ಥಿಗೆ ಇನ್ನೊಂದು ಬಗೆಯದು ಎಂದಿದೆ. ಯಾರದೆಂದು ಗೊತ್ತಿರುವಾಗ ಆಯ್ಕೆ ಸುಲಭ. ಗೊತ್ತಿಲ್ಲದಾಗ, ಕೊಂದು ಸುಟ್ಟ ದೇಹದ ಚೂರುಗಳು ಬಂದಾಗ, ಕಷ್ಟ ಅಪಾರ. ಹೆಚ್ಚು ಕಾದ ಮೂಳೆ ಕುಗ್ಗುತ್ತದೆ, ಗಂಡಸಿನ ಮೂಳೆ ಹೆಂಗಸಿನ ಅಳತೆಗೆ ಇಳಿಯುತ್ತದೆ. ಬೆಳ್ಳಗಾಗುವಷ್ಟು ಸುಟ್ಟರೆ ಡಿಎನ್‌ಎ ಸಿಗುವ ಆಸೆ ಬಹುತೇಕ ಬಿಡಬೇಕು. ಅಣ್ಣ ಅಂದು ಮಡಕೆಗೆ ಹಾಕುವ ಮುನ್ನ ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿದ. ಕಿವಿಯ ಒಳಗಿನ ಮೂಳೆ. ದೇಹದಲ್ಲೇ ಅತಿ ಗಟ್ಟಿಯಾದದ್ದು, ಬೆಂಕಿಯಲ್ಲೂ ಉಳಿಯುತ್ತದೆ, ಅದರ ಸಣ್ಣ ಸುರಂಗದ ಓರೆ ನೋಡಿ ಲಿಂಗ ಹೇಳಲು ಯತ್ನಿಸುವವರಿದ್ದಾರೆ ಎಂದ. “ಅಮ್ಮನದು ಅಂತ ಗೊತ್ತಿದ್ದೂ ನಂಗೆ ಇದರಲ್ಲಿ ಏನೂ ಕಾಣ್ತಿಲ್ಲ” ಎಂದು ಸೇರಿಸಿದ.

ಮೂಳೆ ತಬ್ಬಿಬ್ಬು ಮಾಡಿದಾಗ ಕಣ್ಣು ಬಟ್ಟೆಯ ಕಡೆ ಹೋಗುತ್ತದೆ. ಮಹಜರಿನಲ್ಲಿ ಸೀರೆಯ ತುಂಡು, ಬಳೆಚೂರು, ಕಾಲುಂಗುರ ಎಂದಿದ್ದರೆ ಮೇಜಿನ ಮುಂದೆ ನಿಂತವರ ಮನಸ್ಸು ಮೂಳೆ ನೋಡುವ ಮೊದಲೇ ವಾಲಿರುತ್ತದೆ. ಸ್ವೀಡನ್ನಿನ ಬಿರ್ಕಾದಲ್ಲಿ ಕತ್ತಿ, ಬಾಣ, ಕುದುರೆಗಳ ಜೊತೆ ಹೂತ ವೈಕಿಂಗ್ ಯೋಧನೊಬ್ಬನನ್ನು ನೂರು ವರ್ಷಕ್ಕೂ ಮೇಲೆ ಗಂಡಸೆಂದೇ ನಂಬಿದ್ದರು. 2017ರಲ್ಲಿ ಡಿಎನ್‌ಎ ಹೆಣ್ಣು ಎಂದಿತು. ಮೂಳೆ ನೋಡುವವರಿಗೆ ಬಟ್ಟೆಯ ವಿವರ ಆಮೇಲೆ ಕೊಡಿ ಎಂದು ಪರಿಣತರು ಕೇಳುವುದು ಇದಕ್ಕೇ.

ಇಲ್ಲೇ ಕನ್ನಡದ ಒಂದು ತೊಡಕೂ ಇದೆ. ನಮ್ಮ ‘ಲಿಂಗ’ ಎಂಬ ಒಂದೇ ಪದ ದೇಹದ ಗಂಡು-ಹೆಣ್ಣನ್ನೂ, ಮನುಷ್ಯರು ಬಾಳುವ ಗಂಡು-ಹೆಣ್ಣನ್ನೂ ಹೇಳುತ್ತದೆ. ಮೂಳೆಗೆ ಗೊತ್ತಿರುವುದು ಮೊದಲನೆಯದು ಮಾತ್ರ, ಅದೂ ಅರೆಬರೆ. ಜೋಗಪ್ಪನಾಗಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಬದುಕಿದವರ, ಊರು ಬಿಟ್ಟು ಬಂದು ಬೆಂಗಳೂರಿನಲ್ಲಿ ಹೆಣ್ಣಾಗಿ ಬಾಳಿದ ಮಂಗಳಮುಖಿಯ ಸೊಂಟ ಗಂಡಸಿನದೆಂದೇ ಹೇಳುತ್ತದೆ. ಹರೆಯ ಮುಗಿದ ಮೇಲೆ ತೆಗೆದುಕೊಂಡ ಹಾರ್ಮೋನು ಅದನ್ನು ಬದಲಿಸುವುದಿಲ್ಲ. ಅವರನ್ನು ಹುಡುಕುತ್ತಿರುವ ಗೆಳತಿಯರು ದೂರು ಕೊಟ್ಟಿದ್ದರೆ ಹೆಂಗಸು ಎಂದು ಕೊಟ್ಟಿರುತ್ತಾರೆ. ತಾಯಿ ಕೊಟ್ಟಿದ್ದರೆ ಮಗ ಎಂದು. ಖಾನೆ ಒಂದೇ ಇರುವುದರಿಂದ ಮೂರು ಕಾಗದವೂ ಒಂದನ್ನೊಂದು ಭೇಟಿಯಾಗುವುದಿಲ್ಲ. ಇದನ್ನು ಅಪರೂಪದ ಸಂಗತಿ ಎಂದು ಬದಿಗಿಡುವುದು ತಪ್ಪು. ಹಿಂಸೆಗೆ ಸುಲಭವಾಗಿ ಸಿಗುವವರು, ಸತ್ತರೆ ತಡವಾಗಿ ಗೊತ್ತಾಗುವವರು ಇವರೇ.

ಕಾನೂನು ತಜ್ಞರ ಮಾತನ್ನು ಮಾತು ಎಂದೇ ಕಾಣುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲೂ, ಅದಕ್ಕೆ ಮುಂಚಿನ ಕಾಯ್ದೆಯ 45ರಲ್ಲೂ ಇರುವುದು ‘ಅಭಿಪ್ರಾಯ’. ಹೀಗಿದ್ದೂ ನಮ್ಮ ಪಠ್ಯದಲ್ಲಿ, ವರದಿಯಲ್ಲಿ ಕೂತಿರುವ ಪದ ‘ಲಿಂಗ ನಿರ್ಧಾರ’. ಜಗತ್ತಿನ ಮೂಳೆತಜ್ಞರು ಆ ಪದವನ್ನು ಕೈಬಿಟ್ಟು ‘ಅಂದಾಜು’ ಎನ್ನತೊಡಗಿ ಬಹಳ ಕಾಲವಾಯಿತು. ಇದು ಪದದ ಜಗಳ ಎನಿಸಬಹುದು. ನಿರ್ಧಾರ ಎಂದು ಬರೆದವನು ಫೈಲನ್ನು ಮುಚ್ಚುತ್ತಾನೆ. ಅಂದಾಜು ಎಂದು ಬರೆದವನು ಯಾವ ಮೂಳೆ ನೋಡಿದೆ, ಯಾವ ಗುರುತು ಕಂಡೆ, ಎಷ್ಟು ಭರವಸೆ ಎಂದೂ ಬರೆಯಬೇಕಾಗುತ್ತದೆ. ಆಗ ಇನ್ನೊಂದು ಪಟ್ಟಿಯ ಮೇಲೂ ಯಾರೋ ಕಣ್ಣಿಟ್ಟಿರುತ್ತಾರೆ.

ಗುರುತಿರುವ ಮೂಳೆ ನಮ್ಮಲ್ಲಿ ಇಲ್ಲದಿರುವ ಕೊರತೆಗೆ ದಾರಿ ಇಲ್ಲವೆಂದಲ್ಲ. ಜೀವಂತ ರೋಗಿಗಳ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಲಿಂಗ, ವಯಸ್ಸು ಎರಡೂ ದಾಖಲಾಗಿರುತ್ತವೆ. ಒಪ್ಪಿಗೆ ಪಡೆದು, ಹೆಸರು ತೆಗೆದು, ಅವುಗಳಿಂದಲೇ ಸೊಂಟದ, ಬುರುಡೆಯ ಅಳತೆ ತೆಗೆಯುವ ಕೆಲಸ ಕರ್ನಾಟಕದ ಆಸ್ಪತ್ರೆಗಳಲ್ಲಿ ನಡೆದಿದೆ. ದೇಹದಾನ ಇನ್ನೊಂದು ದಾರಿ. 2010ರಲ್ಲಿ ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆ ಡಾ. ಬಸವಣ್ಣೆಪ್ಪ ಅವರ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಮಾಡಿದರು. ಹೆಸರಿಟ್ಟುಕೊಂಡು, ಮನಸ್ಸಾರೆ ಒಪ್ಪಿ ಮೇಜಿಗೆ ಬಂದ ದೇಹ ಅದು. ಕೋಲ್ಕತ್ತಾದಿಂದ ಮೂಟೆಯಲ್ಲಿ ಬಂದ ಮೂಳೆಗೂ ಅದಕ್ಕೂ ನಡುವಿನ ದೂರವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಅಣ್ಣ ಮೂರನೆಯ ವರ್ಷಕ್ಕೆ ಬಂದಾಗ ಟ್ರಂಕ್ ಇನ್ನೊಬ್ಬ ಜೂನಿಯರ್ ಕೈಗೆ ಹೋಯಿತು. ಒಯ್ಯಲು ಬಂದ ಹುಡುಗ ಸೈಕಲ್ ಕ್ಯಾರಿಯರಿಗೆ ಅದನ್ನು ಬಿಗಿಯುತ್ತಿದ್ದಾಗ ಅಣ್ಣ ಮುಚ್ಚಳ ತೆಗೆಸಿ, ಸೊಂಟದ ಮೂಳೆ ಹುಡುಕಿ ತೆಗೆದು, ಅಂಗಿ ಜೇಬಿನ ಪೆನ್ನಿನಿಂದ ‘ಎಫ್’ ಅಕ್ಷರದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಶಾಯಿ ಆರಲೆಂದು ಸ್ವಲ್ಪ ಹೊತ್ತು ಅದನ್ನು ಗಾಳಿಗೆ ಹಿಡಿದು ನಿಂತಿದ್ದ. ಅಜ್ಜಿ ಒಳಗಿನಿಂದ ಒಂದು ಹಳೆಯ ಪಂಚೆಯ ತುಂಡು ಕಳಿಸಿದರು, ಅದರಲ್ಲಿ ಸುತ್ತಿ ಒಳಗಿಟ್ಟ.